ಟವೆಲ್ಲಿನ ಕೆಳಗಿನ ಗುಂಪು ಚರ್ಚೆ

ಗಟಾರ ಏಕೆ ಕಟ್ಟಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಶರಣಮ್ಮ ತನ್ನ ಗುಂಪಿನಲ್ಲಿ ಹೇಳಿದ ಉತ್ತರವನ್ನು ಸಂಜು ಎದ್ದು ನಿಂತು ತನ್ನದೆಂದು ಹೇಳಿದ. ಐದನೇ ತರಗತಿ ಅವನಿಗೆ ಚಪ್ಪಾಳೆ ತಟ್ಟಿತು.

ಮರಾಠಿ ಸೀಮೆಯ ಊರಲ್ಲಿ, ಮಾರ್ಕೆಟ್ ಯಾರ್ಡಿನ ಪಕ್ಕದ ಆ ಕನ್ನಡ ಶಾಲೆಗೆ ಗುಂಪು ಚರ್ಚೆ ಬಂದದ್ದು ತೊಂಬತ್ತೆಂಟರಲ್ಲಿ. ಉಮಾವತಿ ಅಕ್ಕೋರು ಅದನ್ನು ತರಬೇತಿಯಿಂದ ಹೊತ್ತು ತಂದಿದ್ದರು. ನಾಲ್ವರು ಎದುರುಬದುರು ಕೂಡಬೇಕು, ಎಲ್ಲರೂ ಮಾತಾಡಬೇಕು, ಎಲ್ಲರೂ ಕೇಳಬೇಕು, ಗದ್ದಲ ಮಾತ್ರ ಆಗಬಾರದು. ಗುಂಪಿಗೊಬ್ಬ ಮುಖ್ಯಸ್ಥ. ಯಾರ ಅಂಗಿಗೆ ಇಸ್ತ್ರಿಯಿತ್ತೋ ಅವರೇ ಮುಖ್ಯಸ್ಥರಾದರು; ಅದಕ್ಕೆ ತರಬೇತಿ ಬೇಕಾಗಲಿಲ್ಲ. ಶರಣಮ್ಮನ ಗುಂಪಿಗೆ ಸಂಜು; ಅವನು ಈರುಳ್ಳಿ ದಲಾಲಿಯ ಮಗ. ಶರಣಮ್ಮನ ಅವ್ವ ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊರುವವಳು.

ಶಿಕ್ಷಣ ಇಲಾಖೆಯ ಪಂಢರಿನಾಥ ಸಾಹೇಬರು ಚರ್ಚೆ ನೋಡಲು ಬಂದ ದಿನ ಕರಿ ಫಳಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಪ್ರಶ್ನೆಯಿತ್ತು: ಪ್ರವಾಸಕ್ಕೆ ಎಲ್ಲಿಗೆ ಹೋಗೋಣ, ಕಾತ್ರಜದ ಸರ್ಪೋದ್ಯಾನದ ಹಾವು ನೋಡಲೋ, ಪರ್ವತಿ ಗುಡ್ಡಕ್ಕೋ?

ಸಂಜು ಚೀಲದಿಂದ ಟವೆಲ್ ತೆಗೆದ. "ನಮ್ಮಪ್ಪ ಹೆಂಗ ವ್ಯಾಪಾರ ಮಾಡ್ತಾನ ಗೊತ್ತೇನ್ಲೇ? ಟವೆಲ್ ಕೆಳಗ ಬೆರಳ ಹಿಡದು. ಒಂದ ಮಾತಿಲ್ಲ, ಲಾರಿ ತುಂಬ ಉಳ್ಳಾಗಡ್ಡಿ ಮಾರಿ ಹೋಗ್ತದ. ಒಂದ ಬೆರಳ ಅಂದ್ರ ಹಾವು, ಎರಡ ಅಂದ್ರ ಗುಡ್ಡ."

ಬಾಯಿಯ ಮಾತನ್ನು ಕದ್ದವನು ಬೆರಳನ್ನು ಹೇಗೆ ಕದ್ದಾನು? ಶರಣಮ್ಮ ಒಪ್ಪಿದಳು. ಈ ಸಲ ತನ್ನ ಮಾತು ತನ್ನದಾಗಿಯೇ ಉಳಿಯಬೇಕಿತ್ತು.

ನಾಲ್ಕು ಕೈಗಳು ಟವೆಲ್ಲಿನೊಳಗೆ ಹೊಕ್ಕವು.

"ಯಾರಲೇ ಕಚಗುಳಿ ಇಡಾವ್ರು?" ಎಂದು ಮಾಂತು ಪಿಸುಗುಟ್ಟಿದ.

"ಏ ಮುಖ್ಯಸ್ಥಾ, ಅದು ನನ್ನ ಹೆಬ್ಬಟ್ಟು. ಅದನ್ನ ಎಣಿಸಬ್ಯಾಡ," ಎಂದಳು ಶಿವಾನಿ.

ಉಳಿದ ಗುಂಪುಗಳು ಸಂತೆಯಂತೆ ಕಿರುಚುತ್ತಿದ್ದವು. "ಕಾಯ್ ಶಾಂತತಾ!" ಎಂದು ಸಾಹೇಬರು ಈ ಗುಂಪಿನ ಮೌನಕ್ಕೆ ತಲೆದೂಗಿದರು. ಉಮಾವತಿ ಅಕ್ಕೋರು ಹಿಗ್ಗಿ ಹೀರೇಕಾಯಿಯಾದರು.

ಒಳಗೆ ಶರಣಮ್ಮ ಒಂದು ಬೆರಳು ಚಾಚಿದ್ದಳು. ಸಂಜು ಅವಳ ನಡುಬೆರಳನ್ನೂ ಹಿಡಿದು ಎಳೆದ. ಅವಳು ಮಡಚಿದಳು. ಅವನು ಮೂಲಂಗಿ ಕಿತ್ತಂತೆ ಮತ್ತೆ ಕಿತ್ತ. ಆಮೇಲೆ ಎದ್ದು ನಿಂತು ಟವೆಲ್ ಕೊಡವಿ, "ಎಲ್ಲಾರೂ ಒಪ್ಪ್ಯಾರ್ರಿ. ಗುಡ್ಡ!" ಎಂದ.

ಪರ್ವತಿಯ ಕೆಳಗೆ ಅವನ ಮಾವನ ಭೇಳ್ ಗಾಡಿಯಿತ್ತು.

"ಸುಳ್ಳ್ರಿ! ನಾ ಒಂದ ಬೆರಳ ಕೊಟ್ಟಿದ್ದೆ, ಇನ್ನೊಂದು ಇವನ ಎಳದಾನ್ರಿ! ನನಗ ಹೆಬ್ಬಾವು ನೋಡಬೇಕಾಗ್ಯದ!" ಎಂದು ಶರಣಮ್ಮ ಎದ್ದಳು.

"ವ್ಯಾಪಾರ ಮುಗೀತಬೇ," ಎಂದ ಸಂಜು.

ಸಾಹೇಬರಿಗೆ ಕನ್ನಡ ಬಾರದು. ಹುಡುಗಿ ಏನನ್ನುತ್ತಾಳೆ ಎಂದು ಮರಾಠಿಯಲ್ಲಿ ಕೇಳಿದರು.

"ಹೋ ಮ್ಹಣತೆ, ಸರ್," ಹೌದು ಅನ್ನುತ್ತಾಳೆ ಎಂದರು ಅಕ್ಕೋರು, ನಗುನಗುತ್ತ.

ಓಣಿಯ ನಲ್ಲಿಯ ಮುಂದೆ ಕೊಡ ಹಿಡಿದು ದಿನಾ ಮರಾಠಿಯಲ್ಲೇ ಜಗಳವಾಡುವ ಹುಡುಗಿ ಶರಣಮ್ಮ.

"ನಾಹೀ ಮ್ಹಣತೆ, ಸಾಹೇಬ! ನಾಹೀ!"

ಕಿರುಚುತ್ತಿದ್ದ ಗುಂಪುಗಳೆಲ್ಲ ಇತ್ತ ತಿರುಗಿದವು. ಅಕ್ಕೋರು ಅವಳ ಭುಜ ಒತ್ತಿದರು. "ಗುಂಪು ಒಪ್ಪಿ ಆಗ್ಯದ. ಸುಮ್ನ ಕೂಡು."

"ಕೂಡಂಗಿಲ್ರಿ, ಅಕ್ಕೋರ."