ಗಂಟೆಯ ಜಾಗದಲ್ಲಿ ಸೊನ್ನೆ

ಲಕ್ಷ್ಮೀಪುರಂ ಆಫೀಸಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತ ಪ್ರೇಮಲೀಲಾ ಕಲಸಿದ ತುತ್ತನ್ನು ಹಾಗೇ ಡಬ್ಬಿಗೆ ಬಿಟ್ಟಳು. ಎದುರಿನ ಕಂಪ್ಯೂಟರಿನಲ್ಲಿ ಸುಮ್ಮನೆ ಪರೀಕ್ಷೆಗೆಂದು, ತಾನು ಬರೆದ ಪ್ರೋಗ್ರಾಂನಲ್ಲಿ ನಾಡಿಯ ಅಂಕಿಯನ್ನು ಮೂವತ್ತಕ್ಕೆ ಇಳಿಸಿದ್ದಳು. ಎಚ್ಚರಿಕೆಯ ಗಂಟೆ ಹೊಡೆಯಲಿಲ್ಲ. ಇಪ್ಪತ್ತಕ್ಕೆ ಇಳಿಸಿದರೂ ಇಲ್ಲ.

ಇದೇ ಪ್ರೋಗ್ರಾಂ ಅನ್ನು ಅವಳು ಬೆಳಿಗ್ಗೆಯಷ್ಟೇ ರಾಮಕೃಷ್ಣನಗರದ ನರ್ಸಿಂಗ್ ಹೋಮಿನ ಹೊಸ ವಿಂಡೋಸ್ ೯೫ ಕಂಪ್ಯೂಟರಿಗೆ ಹಾಕಿ ಬಂದಿದ್ದಳು. ರೋಗಿಯ ನಾಡಿ ಕುಸಿದರೆ ಗಂಟೆ ಹೊಡೆದು ನರ್ಸನ್ನು ಕರೆಯುವುದೇ ಅದರ ಕೆಲಸ. ಕಂಪ್ಯೂಟರಿಗೆ ಕುಂಕುಮ ಹಚ್ಚಿ ಪೂಜೆಯಾಗಿತ್ತು. ಗಂಟೆ ಪರೀಕ್ಷಿಸಲು ಹೋದವಳನ್ನು ಡಾಕ್ಟರ ತಾಯಿ ಸುಮಿತ್ರಮ್ಮ ತಡೆದಿದ್ದರು.

"ಶುಕ್ರವಾರ ಕಣಮ್ಮ, ಪೂಜೆ ಆದ ತಕ್ಷಣ ಆ ಅಪಶಕುನದ ಗಂಟೆ ಹೊಡಿಸ್ಬೇಡ. ಬೇಕಾದಾಗ ಅದೇ ಹೊಡ್ಕೊಳ್ಳುತ್ತೆ ಬುಡು."

ಪ್ರೇಮಲೀಲಾ ಎಂಬ ಈ ಮಹಾತಾಯಿಯೂ ಹಲ್ಲು ಕಿರಿದು ಬಂದಿದ್ದಳು. ಹಳೆಯ ಕಂಪ್ಯೂಟರಿನಲ್ಲಿ ಸರಿಯಾಗಿ ಹೊಡೆದಿತ್ತಲ್ಲ, ಅದೇ ಧೈರ್ಯ.

ತಪ್ಪು ಈಗ ಕಣ್ಣಿಗೆ ರಾಚಿತು. ನಾಡಿ ಅಳೆಯುವ ಯಂತ್ರದ ಕಂಪನಿ ಕೊಟ್ಟ ಸಿ ಲೈಬ್ರರಿ ಎರಡು ಅಂಕಿಗಳನ್ನು ಒತ್ತೊತ್ತಾಗಿ ಇಟ್ಟುಕೊಡುತ್ತದೆ: ಮೊದಲು ನಾಡಿ, ಆಮೇಲೆ ಗಂಟೆ; ಗಂಟೆಯ ಜಾಗದಲ್ಲಿ ಒಂದಿದ್ದರೆ ಹೊಡೆಯಬೇಕು, ಸೊನ್ನೆಯಿದ್ದರೆ ಬೇಡ. ವಿಂಡೋಸ್ ೯೫ರ ಹೊಸ ಲೈಬ್ರರಿಯಲ್ಲಿ ಒಂದೊಂದಕ್ಕೂ ನಾಲ್ಕು ಬೈಟ್ ಜಾಗ. ಇವಳ ವಿಷುವಲ್ ಬೇಸಿಕ್ ಪ್ರೋಗ್ರಾಂ ಹಳೆಯ ಲೆಕ್ಕದಲ್ಲಿ ಎರಡೆರಡೇ ಬೈಟ್ ಓದುತ್ತಿತ್ತು. ನಾಡಿ ಸರಿಯಾಗಿಯೇ ಕಾಣುತ್ತಿತ್ತು. ಗಂಟೆಯೆಂದು ಓದುತ್ತಿದ್ದದ್ದು ಮಾತ್ರ ನಾಡಿಯದೇ ಖಾಲಿ ಅರ್ಧ. ಅಲ್ಲಿ ಎಂದೆಂದಿಗೂ ಸೊನ್ನೆಯೇ.

ನರ್ಸಿಂಗ್ ಹೋಮಿಗೆ ಫೋನ್ ಮಾಡಿದರೆ ಎಂಗೇಜ್. ಮತ್ತೆ ಮಾಡಿದರೂ ಎಂಗೇಜ್. ಎಂಜಲು ಕೈಯಲ್ಲೇ ಕೈನೆಟಿಕ್ ಸ್ಕೂಟರ್ ಹತ್ತಿದಳು. ಅಲ್ಲಿ ಆ ಯಂತ್ರಕ್ಕೆ ಜೋಡಿಸಿದ್ದ ರೋಗಿ ಚಾಮಯ್ಯನವರ ಹೃದಯ ಮೊದಲೇ ಸೋತಿತ್ತು. ದಾರಿಯಲ್ಲಿ ಅವಳು ಸಿಗ್ನಲ್ಲಿನ ಕೆಂಪು ದೀಪವನ್ನೂ ನೋಡಲಿಲ್ಲ.

ವಾರ್ಡಿನಲ್ಲಿ ನರ್ಸ್ ಇರಲಿಲ್ಲ. ಗಂಟೆಯನ್ನು ನಂಬಿ ಕೆಳಗೆ ಹೆರಿಗೆ ಮಾಡಿಸಲು ಹೋಗಿದ್ದಳು. ಚಾಮಯ್ಯನವರ ಹೆಂಡತಿ ಮಾದೇವಮ್ಮ ಮಂಚದ ಅಂಚಿಗೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಪರದೆಯ ಮೇಲೆ ನಾಡಿ ಇಪ್ಪತ್ತೆಂಟು. ಗಂಟೆ ತೆಪ್ಪಗಿತ್ತು.

"ಡಾಕ್ಟ್ರೇ!" ಪ್ರೇಮಲೀಲಾ ಕಿರುಚಿದಳು. ಡಾಕ್ಟರು ಓಡಿ ಬಂದರು, ಎದೆ ಒತ್ತಿದರು, ಇಂಜೆಕ್ಷನ್ ಕೊಟ್ಟರು. ಬಹಳ ಹೊತ್ತಿನ ಮೇಲೆ ನಾಡಿ ಅರವತ್ತಕ್ಕೆ ಏರಿತು.

ಪ್ರೇಮಲೀಲಾ ಕಂಪ್ಯೂಟರಿನ ಪ್ಲಗ್ ಕಿತ್ತಳು. ಮಾದೇವಮ್ಮ ಗಾಬರಿಯಾಗಿ ಅವಳ ಕೈ ಹಿಡಿದರು.

"ಯಾಕವ್ವ ಕೀಳ್ತೀಯ? ಅದೇ ಅಲ್ವಾ ನಿನ್ನ ಕರ್ಸಿದ್ದು? ಅದೈತೆ ಅಂತ ತಾನೆ ನಾನು ಇವತ್ತು ಕಣ್ಣು ಮುಚ್ಚಿದ್ದು?"

"ಇಲ್ಲಮ್ಮ," ಎಂದಳು ಪ್ರೇಮಲೀಲಾ. "ಅದು ಹೊಡೀಲೇ ಇಲ್ಲ. ಎಷ್ಟೊತ್ತಾದ್ರೂ ಹೊಡೀತಾನೇ ಇರ್ಲಿಲ್ಲ."

ಮಾದೇವಮ್ಮ ಅವಳ ಕೈ ಬಿಟ್ಟರು. ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಗಂಡನ ಮಣಿಕಟ್ಟು ಹಿಡಿದು ಕೂತರು. ಮತ್ತೆ ಇವಳತ್ತ ತಿರುಗಿ ನೋಡಲಿಲ್ಲ.