ಹಕೀಂ ಹಾಜಿಗೆ ವಂದನಾರ್ಪಣೆ

ಆಗಸ್ಟ್ ಮುಗಿಯುತ್ತ ಬಂದಿತ್ತು. ಸೌದಿಯ ಅಲ್ ಖರ್ಜಿನ ತೋಟಗಳಲ್ಲಿ ಖರ್ಜೂರದ ಕೊಯ್ಲು. ನಸುಕಿನ ಸುಬುಹಿ ನಮಾಜು ಮುಗಿದದ್ದೇ ಮೊಹಿದ್ದೀನ್ ಮಾಮ ಸೊಂಟವನ್ನೂ ಮರವನ್ನೂ ಬಳಸಿ ನಾರಿನ ಪಟ್ಟಿ ಬಿಗಿದು, ಹಿಂದಕ್ಕೆ ವಾಲಿ, ಒಂದೊಂದೇ ಹೆಜ್ಜೆ ಏರತೊಡಗಿದರು. ಕರಾವಳಿಯ ಊರಲ್ಲಿ ತೆಂಗು ಹತ್ತಿ ಪಳಗಿದ ಕಾಲು ನಿಜ, ಆದರೆ ಈ ಮರದ ಗುಣವೇ ಬೇರೆ. ತೆಂಗು ಸುಮ್ಮನೆ ಮೈಯೊಡ್ಡುತ್ತದೆ. ಇದು ತಲೆಯ ಹತ್ತಿರ ಬಂದವನನ್ನು ಮುಳ್ಳಿನಲ್ಲಿ ಚುಚ್ಚಿ, ಇವನು ಯಾರಪ್ಪ ಎಂದು ವಿಚಾರಿಸಿಯೇ ಗೊನೆ ಕೊಡುವುದು.

ಕೆಳಗೆ ಟಾರ್ಪಾಲು ಹಾಸಿ, ಹಗ್ಗದಲ್ಲಿ ಇಳಿದು ಬಂದ ಗೊನೆಗಳನ್ನು ಬಿಡಿಸುತ್ತಿದ್ದವನು ಹಾಶಿಮ್. ರಿಯಾದಿನ ಕಾಲೇಜೊಂದರಲ್ಲಿ ವಿದ್ಯಾರ್ಥಿವೇತನದ ಮೇಲೆ ಅರಬಿ ಓದುತ್ತಿದ್ದ. ತಂದೆ ತೀರಿಕೊಂಡ ಮೇಲೆ ಅವನನ್ನು ಸಾಕಿದವರು ಈ ಸೋದರಮಾವನೇ. ಹಾಗಾಗಿ ರಜೆ ಸಿಕ್ಕಿದರೆ ಬಸ್ಸು ಹತ್ತಿ ತೋಟಕ್ಕೆ ಬಂದುಬಿಡುತ್ತಿದ್ದ.

ಅಂದು ಗುರುವಾರ. ಕೊಯ್ದದ್ದರಲ್ಲಿ ಆರಿಸಿ ಆರಿಸಿ, ಜೇನಿನ ಬಣ್ಣದ್ದನ್ನೇ ಬುಟ್ಟಿಗೆ ತುಂಬಬೇಕೆಂದು ಊರಿನವರೇ ಆದ ಹಕೀಂ ಹಾಜಿಯಿಂದ ಹೇಳಿಕೆ ಬಂದಿತ್ತು. ಸಂಜೆ ರಿಯಾದಿನಲ್ಲಿ ಹಾಜಿ ನಡೆಸುವ ವಿಚಾರ ಸಂಕಿರಣ. ಹೊರಗಿನವರಿಗೆ ಅದು ಬರೀ ಊಟದ ಕೂಟ. ಆ ದೇಶದಲ್ಲಿ ರಾಜಕೀಯದ ಸಭೆಯೆಂದು ಹೇಳಿಕೊಳ್ಳುವಂತಿರಲಿಲ್ಲ. ಊರಿನಿಂದ ಮಾಜಿ ಶಾಸಕರೊಬ್ಬರು ಬಂದಿದ್ದರು. ಕಾಲೇಜು ಹುಡುಗನೊಬ್ಬ ವೇದಿಕೆಯಲ್ಲಿದ್ದರೆ ಶೋಭೆಯೆಂದು ಹಾಜಿ ಹಾಶಿಮ್‌ನನ್ನೂ ಕರೆದಿದ್ದರು.

"ಭಾಷಣ ಅವರಿಗೆ, ಮುಳ್ಳು ನಮಗೆ," ಎಂದ ಜಲೀಲ್, ಬುಟ್ಟಿ ಕಟ್ಟುತ್ತ. ಮಾಮನ ಜತೆಗೇ ಊರು ಬಿಟ್ಟು ಬಂದವನು ಅವನು. "ಬೀಜವಾದರೂ ವಾಪಸ್ ತಾ ಮಾರಾಯ, ನೆಡುವ."

ಮಾಮ ನಗಲಿಲ್ಲ. ಅವರನ್ನೂ ಜಲೀಲನನ್ನೂ ಸೇರಿಸಿ ಹನ್ನೊಂದು ಮಂದಿಯನ್ನು ಡ್ರೈವರ್ ಕೆಲಸವೆಂದು ಕರೆತಂದು ಈ ತೋಟದಲ್ಲಿ ಬಿಟ್ಟವರು ಹಾಜಿಯೇ. ಊರಿಗೆ ಹೋಗಬೇಕೆಂದು ಕೇಳಿದಾಗಲೆಲ್ಲ ಹಾಜಿಯದು ಒಂದೇ ಮಾತು: ಪಾಸ್‌ಪೋರ್ಟು ಕಫೀಲನ ಕೈಯಲ್ಲಿದೆ, ತಾನೇನು ಮಾಡಲಿ? ಕಫೀಲ ಎಂದರೆ ತೋಟದ ಯಜಮಾನ, ಸೌದಿ ಮುದುಕ. ಅವನ ಭಾಷೆ ಇವರಿಗೆ ಬಾರದು, ಇವರದು ಅವನಿಗೆ ಬಾರದು. ಐದು ವರ್ಷ ಹೀಗೇ ಕಳೆಯಿತು. ಮೊನ್ನೆ ಹಾಶಿಮ್ ಅರಬಿಯಲ್ಲಿ ಕೇಳಿದಾಗ ಮುದುಕ ಕಣ್ಣರಳಿಸಿದ. ಅವನ್ನೆಲ್ಲ ಇವರು ಬಂದ ದಿನವೇ ನಿಮ್ಮ ಹಾಜಿ ಒಯ್ದನಲ್ಲ, ರಜೆಯ ಕಾಗದ ತಂದರೆ ಸಹಿ ಹಾಕುವುದಿಲ್ಲವೆಂದು ನಾನು ಯಾವತ್ತಾದರೂ ಅಂದಿದ್ದೇನೆಯೇ ಎಂದ. ತಿಂಗಳು ತಿಂಗಳು ಇವರ ಸಂಬಳದಲ್ಲಿ ಹಾಜಿಗೊಂದು ಪಾಲಿತ್ತು. ಊರಿಗೆ ಹೋದವನು ತಿರುಗಿ ಬರದಿದ್ದರೆ ಪಾಲು ಯಾರು ಕೊಡುತ್ತಾರೆ?

ಮಾಮನ ಮಗಳು ಸಫಿಯತ್‌ಳ ನಿಖಾ ಎರಡು ಸಲ ಮುಂದೆ ಹೋಗಿತ್ತು. ತಂದೆ ಬದುಕಿರುವಾಗ ಅಳಿಯನ ಕೈ ಹಿಡಿದು ನಿಖಾ ಮಾಡಿಕೊಡುವವನು ತಂದೆಯೇ. ಇನ್ನೊಬ್ಬರಿಗೆ ಒಪ್ಪಿಸಬಹುದು, ಮಾಮ ಒಪ್ಪಿಸಲಾರರು. ಗಂಡಿನ ಕಡೆಯವರು ಇನ್ನು ಕಾಯಲಾರೆವೆಂದು ಹೇಳಿ ಕಳಿಸಿದ್ದರು.

"ಶಾಸಕರ ಹತ್ರ ಒಂಟಿಯಾಗಿ ಒಂದು ಮಾತು ಹೇಳು," ಎಂದರು ಮಾಮ, ಪಟ್ಟಿ ಬಿಚ್ಚುತ್ತ. "ದೊಡ್ಡವರು ಕೇಳಿದ್ರೆ ಹಾಜಿಗೆ ಇಲ್ಲ ಅನ್ಲಿಕ್ಕೆ ಆಗುದಿಲ್ಲ. ಎಲ್ಲರದ್ದೂ ಹೇಳು. ಹೆಸರು ಮಾತ್ರ ಯಾರದ್ದೂ ಬೇಡ."

ಹಾಶಿಮ್ ಹೂಂ ಎಂದ.

ರಿಯಾದಿನ ಹೊರವಲಯದ ಬಾಡಿಗೆ ಬಂಗಲೆಯೊಂದರ ಒಳಗೆ ಬಟ್ಟೆಯ ಬ್ಯಾನರು ಕಟ್ಟಿದ್ದರು: 'ಕೊಲ್ಲಿ ಕನ್ನಡಿಗರ ಹಕ್ಕುಗಳು – ವಿಚಾರ ಸಂಕಿರಣ'. ಓದಿ ಹಾಶಿಮ್‌ನಿಗೆ ಧೈರ್ಯ ಬಂತು. ಶಾಸಕರು ಕೈ ತೊಳೆಯಲು ಎದ್ದಾಗ ಹಿಂದೆಯೇ ಹೋಗಿ, ಟವೆಲು ಹಿಡಿದು ನಿಂತು, ಹೆಸರಿಲ್ಲದೆ ಎಲ್ಲವನ್ನೂ ಹೇಳಿದ. ಅವರು ಬೆರಳು ಬೆರಳು ಒರೆಸಿಕೊಳ್ಳುತ್ತ ಪೂರ್ತಿ ಕೇಳಿದರು. ಕೇಳಿ, ಬಾಗಿಲಲ್ಲೇ ಸಿಕ್ಕಿದ ಹಾಜಿಯನ್ನು ನಿಲ್ಲಿಸಿ, ಈ ಹುಡುಗನ ಕಡೆಯವರಿಗೆ ಪಾಸ್‌ಪೋರ್ಟಿನ ಏನೋ ತೊಂದರೆಯಂತೆ, ಸ್ವಲ್ಪ ನೋಡಿ ಎಂದು ದಾಟಿಸಿಬಿಟ್ಟರು. ಕುರಿಯ ದೂರನ್ನು ತೋಳಕ್ಕೇ ಬರೆದುಕೊಟ್ಟ ಹಾಗೆ.

ಹಾಜಿ ಅವನ ಹೆಗಲ ಮೇಲೆ ಕೈ ಹಾಕಿದರು. ಅತ್ತರಿನ ವಾಸನೆ ಬಂತು. ನಮ್ಮ ಮನೆಯ ಹುಡುಗನೇ, ನಾನು ನೋಡಿಕೊಳ್ಳುತ್ತೇನೆ ಎಂದರು. ಶಾಸಕರು ಆ ಕಡೆ ಹೋದ ಮೇಲೆ ಕೈ ತೆಗೆಯದೆಯೇ ಹೇಳಿದರು:

"ವಂದನಾರ್ಪಣೆ ನಿಂದು. ಸಹಾಯ ಮಾಡಿದವರ ಹೆಸರು ಒಂದೂ ಬಿಡಬಾರದು. ಬಿಟ್ರೆ ನಮ್ಮವರು ಸಾಯುವ ತನಕ ನೆನಪಿಟ್ಟುಕೊಳ್ತಾರೆ. ಗೊತ್ತುಂಟಲ್ಲ?"

ಗೊತ್ತಿಲ್ಲದೆ ಏನು? ಕರಾವಳಿಯ ಯಾವ ಸಭೆಯಾದರೂ ಅಷ್ಟೇ. ಭಾಷಣ ಕೇಳದವರೂ ವಂದನಾರ್ಪಣೆಗೆ ಕಿವಿ ನಿಮಿರಿಸಿ ಕೂರುತ್ತಾರೆ.

ಶಾಸಕರು ಮಾತಾಡಿದರು, ಬಹಳ ಹೊತ್ತು. ನಡುವೆ ಬುಟ್ಟಿಯಿಂದ ಒಂದು ಖರ್ಜೂರವೆತ್ತಿ, ಇದರ ಸಿಹಿಯಲ್ಲಿ ನಮ್ಮ ಶ್ರಮಿಕ ಸಹೋದರರ ಬೆವರಿದೆ ಎಂದು ಬಾಯಿಗೆ ಹಾಕಿಕೊಂಡರು. ಬೀಜವನ್ನು ಎಲ್ಲಿ ಉಗುಳುವುದೆಂದು ಆಚೀಚೆ ನೋಡಿದಾಗ ಹಾಜಿ ಅಂಗೈಯೊಡ್ಡಿದರು. ಸಭೆ ಚಪ್ಪಾಳೆ ತಟ್ಟಿತು. ಹಾಜಿಗೆ ಶಾಲು ಹೊದಿಸುವಾಗ ಹಾಶಿಮ್ ನೆಲ ನೋಡುತ್ತಿದ್ದ.

ಕೊನೆಗೆ ಅವನ ಸರದಿ. ಮೊದಲು ಶಾಸಕರಿಗೆ ವಂದಿಸಿದ. ಬಂಗಲೆಯ ಯಜಮಾನರಿಗೆ, ಅಡುಗೆಯವರಿಗೆ, ಮೈಕಿನವರಿಗೆ, ಬ್ಯಾನರು ಬರೆದವರಿಗೆ ಕ್ರಮವಾಗಿ ವಂದಿಸಿದ. ಹೆಸರು ಬಂದವರೆಲ್ಲ ತಲೆಯಾಡಿಸಿದರು. ಮೇಲೆ ಹತ್ತುವವನಂತೆ ಅವನು ಒಂದೊಂದೇ ಹೆಜ್ಜೆ ಇಡುತ್ತಿದ್ದ.

"ಈ ಖರ್ಜೂರ ಕೊಯ್ದವರು ಅಲ್ ಖರ್ಜಿನ ತೋಟದ ಮೊಹಿದ್ದೀನ್, ನನ್ನ ಮಾಮ. ಅವರಿಗೆ ವಂದನೆ. ಅವರು ಇಲ್ಲಿಗೆ ಬಂದ ದಿನದಿಂದ ಅವರ ಪಾಸ್‌ಪೋರ್ಟನ್ನೂ, ಜತೆಗಿರುವ ಹತ್ತು ಮಂದಿಯದನ್ನೂ ತಮ್ಮ ಹತ್ತಿರವೇ ಐದು ವರ್ಷ ಜೋಪಾನವಾಗಿ ಇಟ್ಟುಕೊಂಡು, ಕಫೀಲರ ಹತ್ತಿರ ಉಂಟೆಂದು ಹೇಳಿಕೊಂಡು ಬಂದ ನಮ್ಮ ಹಕೀಂ ಹಾಜಿಯವರಿಗೂ ಹೃತ್ಪೂರ್ವಕ ವಂದನೆಗಳು."

ಮೊದಲು ಚಪ್ಪಾಳೆ ತಟ್ಟಿದವರು ಶಾಸಕರು, ಪದ್ಧತಿಯಂತೆ ತಟ್ಟಿಬಿಟ್ಟಿದ್ದರು. ಬೇರೆ ಯಾರದೂ ಕೈ ಸೇರದಿದ್ದಾಗ ಅವರದೂ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಹಾಜಿ ಮಾತ್ರ ನಗುತ್ತಲೇ ಇದ್ದರು. ಹೊರಡುವಾಗ ಬಾಗಿಲಲ್ಲಿ ಸಿಕ್ಕಿ, ಓದಿದವನು ಓದಿದವನೇ, ಒಬ್ಬರ ಹೆಸರೂ ಬಿಡಲಿಲ್ಲ ನೋಡು ಎಂದರು.

ಮುಂದಿನ ಗುರುವಾರ ಹಾಶಿಮ್ ತೋಟಕ್ಕೆ ಬಂದಾಗ ಹಾಜಿಯ ಪಿಕಪ್ಪು ದಾರಿಯಲ್ಲೇ ನಿಂತಿತ್ತು. ಮಾಮ ಇಸ್ತ್ರಿ ಮಾಡಿದ ಅಂಗಿ ಹಾಕಿ, ಹಗ್ಗ ಕಟ್ಟಿದ ಸೂಟ್‌ಕೇಸಿನ ಮೇಲೆ ಕೂತಿದ್ದರು. ಕೈಯಲ್ಲಿ ಪಾಸ್‌ಪೋರ್ಟು. ಹಾಶಿಮ್ ಓಡಿಬಂದು ತೆರೆದು ನೋಡಿದ. ರಜೆಯ ಮುದ್ರೆಯಲ್ಲ, ಇನ್ನು ತಿರುಗಿ ಬರಲಾಗದ, ಕೊನೆಯ ನಿರ್ಗಮನದ ಮುದ್ರೆ. ಹಾಜಿ ತಂದು ಒಡ್ಡಿದ ಕಾಗದಕ್ಕೆ ಮುದುಕ ಸಹಿ ಹಾಕಿದ್ದ, ಮೊಹಿದ್ದೀನ್‌ನೇ ಕೇಳಿಕೊಂಡದ್ದೆಂದು ನಂಬಿ. ಉಳಿದ ಹತ್ತು ಮಂದಿಯ ಪಾಸ್‌ಪೋರ್ಟು ಬಂದಿರಲಿಲ್ಲ.

ಕಫೀಲನಿಗೆ ಹೇಳಿ ರದ್ದು ಮಾಡಿಸುತ್ತೇನೆ ಎಂದು ಹಾಶಿಮ್ ಹೊರಟ. ಮಾಮ ತೋಳು ಹಿಡಿದು ನಿಲ್ಲಿಸಿದರು. ಅಷ್ಟು ಬಿಗಿಯಾಗಿ ಅವರು ಅವನನ್ನು ಹಿಂದೆಂದೂ ಹಿಡಿದದ್ದಿಲ್ಲ.

"ಹೆಸರು ಹೇಳಬೇಡ ಅಂದಿದ್ದೆ."

"ಮಾಮ, ಅವರು ನಿಮ್ಮ ಖರ್ಜೂರ ತಿಂದು..."

"ತಿನ್ಲಿ. ನಿನ್ನ ಸಿಟ್ಟು ತೀರಿತು. ಮಗಳ ನಿಖಾ ಮಾಡಿಕೊಡ್ತೇನೆ, ಆಯ್ತು. ಮದುವೆಯ ಮರುದಿವಸ ಒಲೆಗೆ ಎಂತ ಹಾಕುದು? ನಿನ್ನ ಚಪ್ಪಾಳೆಯಾ?"

ತಾನು ಮೈಕಿನ ಮುಂದೆ ಹತ್ತು ಮಂದಿಯನ್ನು ಲೆಕ್ಕದಲ್ಲಿ ಹೇಳಿ, ಒಬ್ಬರ ಹೆಸರು ಮಾತ್ರ ಬಿಚ್ಚಿ ಹಾಜಿಯ ಕೈಗೆ ಕೊಟ್ಟಿದ್ದೆನೆಂಬುದು ಹಾಶಿಮ್‌ನಿಗೆ ಈಗ ತಿಳಿಯಿತು. ಒಬ್ಬನನ್ನು ಸಾಗಹಾಕಿದರೆ ಉಳಿದವರ ಬಾಯಿ ತಾನಾಗಿ ಮುಚ್ಚುತ್ತದೆಂದು ಹಾಜಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹಾಜಿಯ ಮೇಲಿನ ಸಿಟ್ಟು ಇಳಿದಿರಲಿಲ್ಲ. ಅದರಲ್ಲಿ ಅರ್ಧ ತಿರುಗಿ ತನ್ನನ್ನೇ ಕಚ್ಚುತ್ತಿತ್ತು.

ಉಳಿದವರು ಗೊನೆ ಬಿಡಿಸುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಜಲೀಲ್ ಬಂದು ಸೂಟ್‌ಕೇಸನ್ನು ಪಿಕಪ್ಪಿಗೆ ಏರಿಸಿ, ಕೈ ಕೊಡವಿಕೊಂಡ.

"ಇನ್ನು ಯಾವಾಗ ಸಂಕಿರಣ?" ಎಂದು ಕೇಳಿದ. "ಮುಂದಿನ ಸಲ ನಮಗೂ ಒಂದು ವಂದನೆ ಹೇಳು ಮಾರಾಯ. ಎಲ್ಲರ ಹೆಸರು ಹಿಡಿದು."

ತಮಾಷೆಯೋ ಬೈಗುಳವೋ ಹಾಶಿಮ್‌ಗೆ ಗೊತ್ತಾಗಲಿಲ್ಲ. ಜಲೀಲನ ಮುಖದಲ್ಲಿ ನಗುವಿರಲಿಲ್ಲ.

ಡ್ರೈವರ್ ಹಾರ್ನ್ ಒತ್ತಿದ. ಮಾಮನ ಮರ ಅರ್ಧ ಕೊಯ್ಲಾಗಿ ಹಾಗೇ ನಿಂತಿತ್ತು, ಬುಡದಲ್ಲಿ ಪಟ್ಟಿ ಬಿದ್ದಿತ್ತು. ಹಾಶಿಮ್ ಪುಸ್ತಕದ ಚೀಲ ಕೆಳಗಿಟ್ಟು, ಪಟ್ಟಿಯನ್ನೆತ್ತಿ ಸೊಂಟಕ್ಕೆ ಬಳಸಿದ. ಗಂಟು ಎಲ್ಲಿ ಬರಬೇಕೆಂದು ತಿಳಿಯದೆ ತಡವರಿಸಿದ. ಪಿಕಪ್ಪಿನ ಕಿಟಕಿಯಿಂದ ಮಾಮ ನೋಡಿದರು. ಹೇಳಿಕೊಡಲಿಲ್ಲ, ಸಲಾಮನ್ನೂ ಹೇಳಲಿಲ್ಲ. ಗಾಡಿ ಹೊರಟಿತು.

ಜಲೀಲನೇ ಬಂದು ಗಂಟು ಬಿಚ್ಚಿ ಸರಿಯಾಗಿ ಹಾಕಿದ. ಹಾಕಿ, ಪಕ್ಕಕ್ಕೆ ಸರಿಯದೆ ಹಾಗೇ ನಿಂತ. "ಸಂಕಿರಣ ಯಾವಾಗ ಅಂತ ನೀನು ಹೇಳ್ಲೇ ಇಲ್ಲ," ಎಂದ.