ಹಲ್ಲು ಬರುವುದರೊಳಗೆ

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಮ್ಯೂಸಿಯಂನವರು ಕೊಟ್ಟ ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದೀರಿ. ಒಳಗೆ ಒಂದು ಮರದ ತೊಟ್ಟಿಲಿದೆ. ನಿಮ್ಮ ಕಿವಿಯಲ್ಲಿ ಮಾತಾಡುತ್ತಿರುವ ಕಥೆಗಾರ ನಾನು. ಈ ತೊಟ್ಟಿಲಿಗೆ ಎರಡು ನಿಮಿಷದ ಕಥೆಯೊಂದನ್ನು ಬರೆದುಕೊಡಿ ಎಂದು ನಿರ್ದೇಶಕರು ಕೇಳಿದ್ದಾರೆ. 'ಕೇಳಿದವರ ಕಣ್ಣಲ್ಲಿ ನೀರು ಬರಬೇಕು, ಆದರೆ ಕ್ಯೂ ನಿಲ್ಲಬಾರದು' ಎಂದು ತಾಕೀತು ಬೇರೆ. (ಅರ್ಧ ನಿಮಿಷ ಆಗಲೇ ಹೋಯಿತು. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ, ಬಿಡಿ.)

೧

"ನಾನೊಂದು ತೊಟ್ಟಿಲು. ನನ್ನ ಆತ್ಮಕಥೆ ಕೇಳಿ."

ಛೇ! ಶಾಲೆಯ ಪ್ರಬಂಧ. ಅಳಿಸಿದೆ.

೧, ಮತ್ತೊಮ್ಮೆ

"ನಮ್ಮ ದೇಶವು ಹಲವು ಜನಗಳ, ಹಲವು ನುಡಿಗಳ ತವರು."

ಇದು ಉದ್ಘಾಟನೆಯ ಭಾಷಣ. ಇದನ್ನು ಅಳಿಸುವಾಗ ನನಗೇ ಆಕಳಿಕೆ ಬಂತು. ಸುಳ್ಳೆಂದಲ್ಲ, ನಿಜವೇ. ಆದರೆ ಆ ವಾಕ್ಯದಲ್ಲಿ ಯಾರೂ ವಾಸವಿಲ್ಲ. ಬಾಗಿಲು ತಟ್ಟಿದರೆ ಓ ಅನ್ನುವವರಿಲ್ಲ.

೨

ಸರಿ, ಕಂಡದ್ದನ್ನೇ ಹೇಳುತ್ತೇನೆ. ಈ ಹಜಾರಕ್ಕೆ 'ನಾವೆಲ್ಲರೂ' ಎಂದು ಹೆಸರಿಟ್ಟಿದ್ದಾರೆ. ದೋಣಿಯವರ ಹುಟ್ಟು, ಕುರಿ ಕಾಯುವವರ ಕಂಬಳಿ, ಕುದುರೆಯ ಜೀನು ಹೊಲಿಯುವವರ ದಬ್ಬಳ, ಬುಟ್ಟಿ ಹೆಣೆಯುವವರ ಚಾಕು, ಎಲ್ಲವೂ ಒಂದೇ ಸೂರಿನ ಕೆಳಗಿವೆ. ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಕಾಲಿಡದೆ ಬದುಕಿದ ಜನರ ಸಾಮಾನುಗಳು ಇಲ್ಲಿ ಮಗ್ಗುಲಿಗೆ ಮಗ್ಗುಲು ತಾಗಿಸಿಕೊಂಡು ಕೂತಿವೆ. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಮೇಲಿನ ಕಿಟಕಿಯಿಂದ ಬಿಸಿಲು ಓರೆಯಾಗಿ ಇಳಿಯುತ್ತದೆ. ಕಾವಲುಗಾರ ಸ್ಟೂಲಿನ ಮೇಲೆ ತೂಕಡಿಸುತ್ತಾನೆ. ಆ ಹೊತ್ತಿನಲ್ಲಿ ಹುಟ್ಟಿನಿಂದ ಹೊಳೆಯ ವಾಸನೆ ಬರುತ್ತದೆ. ಕಂಬಳಿ ಮಗ್ಗುಲು ಬದಲಿಸುತ್ತದೆ. ತೊಟ್ಟಿಲು, ಯಾರೋ ಈಗ ತಾನೆ ಕೈಬಿಟ್ಟು ಅಡುಗೆಮನೆಗೆ ಹೋದ ಹಾಗೆ, ಒಂದಿಷ್ಟು ತೂಗುತ್ತದೆ. (ನಾನೂ ಅರೆನಿದ್ದೆಯಲ್ಲಿದ್ದೆ. ಸಾಕ್ಷಿ ಹೇಳಲು ಮಾತ್ರ ಕರೆಯಬೇಡಿ.)

ಅಂಥ ಒಂದು ಹೊತ್ತಿನಲ್ಲಿ ಅಜ್ಜಿ ಬಂದರು. ಜೊತೆಯಲ್ಲಿ ಮೊಮ್ಮಗಳು, ಮೊಮ್ಮಗಳ ಹೆಗಲ ಮೇಲೆ ಕೂಸು. ಅಜ್ಜಿ ನೆಟ್ಟಗೆ ತೊಟ್ಟಿಲಿನ ಹತ್ತಿರ ಹೋಗಿ ಗಾಜಿನ ಮೇಲೆ ಬೆರಳಿಟ್ಟರು.

"ಇಲ್ನೋಡೇ, ಈ ಅಂಚಲ್ಲಿ. ನಿಮ್ಮಮ್ಮ ಕಚ್ಚಿದ್ದು ಇದು. ಪಕ್ಕದಲ್ಲಿರೋದು ನಂದು."

ನೀವೂ ಬಗ್ಗಿ ನೋಡಿ. ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ಗುಳಿಗಳಿವೆ. ಆ ಮನೆಯಲ್ಲಿ ಹಲ್ಲು ಬರುವ ಕಾಲಕ್ಕೆ ಪ್ರತಿಯೊಂದು ಮಗುವೂ ಇದೇ ಅಂಚನ್ನು ಕಚ್ಚಿದೆ. ಅಜ್ಜಿಯ ಅಜ್ಜಿ, ಅಜ್ಜಿಯ ಅಮ್ಮ, ಅಜ್ಜಿ, ಅಜ್ಜಿಯ ಮಗಳು. ಅಲ್ಲಿಗೆ ಸಾಲು ನಿಂತಿದೆ. ಮಗಳಿನ್ನೂ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಮ್ಯೂಸಿಯಂನವರು ವ್ಯಾನು ತಂದು, 'ಗೆದ್ದಲು ತಿಂದುಹಾಕುತ್ತೆ, ನಮಗೆ ಕೊಡಿ, ಉಳಿಸ್ತೀವಿ' ಎಂದಿದ್ದರು. ಬೇಕಾದಾಗ ಹೋಗಿ ಕೇಳಿದರಾಯಿತು ಅಂದುಕೊಂಡು ಅಜ್ಜಿ ಕೊಟ್ಟುಬಿಟ್ಟರು. ಮಗಳು ದೊಡ್ಡವಳಾಗಿ, ಈ ಮೊಮ್ಮಗಳನ್ನು ಹೆತ್ತು, ಇವಳಿಗೆ ಹಲ್ಲು ಬರುವ ಮೊದಲೇ ತೀರಿಹೋದಳು. ಆ ಗಡಿಬಿಡಿ, ಆ ಸಂಕಟದಲ್ಲಿ ತೊಟ್ಟಿಲಿನ ನೆನಪು ಯಾರಿಗಿರುತ್ತದೆ? ಈಗ ಮೊಮ್ಮಗಳಿಗೊಂದು ಕೂಸು. ಜೊಲ್ಲು ಸುರಿಸುತ್ತಿದೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಿದೆ. ವಸಡು ಊದಿದೆ.

"ಏನಪ್ಪಾ, ಏಳು," ಎಂದು ಅಜ್ಜಿ ಕಾವಲುಗಾರನನ್ನು ಎಬ್ಬಿಸಿದರು. "ಬೀಗ ತೆಗಿ. ಮಗೂನ ಮಲಗಿಸ್ಬೇಕು."

೪

(ಮೂರು ಎಲ್ಲಿ ಹೋಯಿತೋ ಗೊತ್ತಿಲ್ಲ. ಕಾವಲುಗಾರ ಕಕ್ಕಾಬಿಕ್ಕಿಯಾದದ್ದನ್ನು ಅಲ್ಲಿ ಬರೆದಿದ್ದೆ, ಚೆನ್ನಾಗಿಯೂ ಬಂದಿತ್ತು. ಹೋಗಲಿ.)

ಕಾವಲುಗಾರ ಹೋಗಿ ಕೈಗವಸು ಮೇಡಂ ಅವರನ್ನು ಕರೆತಂದ. ಹಳೆಯ ವಸ್ತುಗಳು ಹಾಳಾಗದಂತೆ ನೋಡಿಕೊಳ್ಳುವುದು ಇವರ ಕೆಲಸ. ಚಹಾ ಕುಡಿಯುವಾಗಲೂ ಕೈಗವಸು ತೆಗೆಯುವುದಿಲ್ಲ ಎಂದು ಇಡೀ ಕಟ್ಟಡ ಇವರನ್ನು ಆಡಿಕೊಳ್ಳುತ್ತದೆ.

"ಹಲ್ಲು ಬರೋವರ್ಗೂ ಅಷ್ಟೇ ಮೇಡಂ. ದಿನಾ ಕರ್ಕೊಂಡು ಬಂದು ಸ್ವಲ್ಪ ಹೊತ್ತು ಮಲಗಿಸಿ ಹೋಗ್ತೀನಿ. ಈ ಮಗೂ ಹಲ್ಲಿನ ಗುರುತೂ ಬೀಳ್ಲಿ ಅದರ ಮೇಲೆ."

"ಆಗಲ್ಲ ಅಜ್ಜಿ."

"ಯಾಕಾಗಲ್ಲ? ನಮ್ದೇ ತಾನೆ?"

"ಈಗ ಅದು ಎಲ್ಲರದೂ."

"ಎಲ್ಲರಿಗೂ ತೋರ್ಸಿ, ನಾನೇನು ಬೇಡ ಅಂದ್ನಾ? ಎಲ್ಲರಲ್ಲಿ ನಮ್ಮ ಮಗು ಬರಲ್ವಾ?"

ಮೇಡಂ ತಲೆ ತಗ್ಗಿಸಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಅದಲ್ಲ ಅಜ್ಜಿ. ಆಗೆಲ್ಲ ಹುಳ ಹಿಡೀಬಾರ್ದು ಅಂತ ಮರದ ಸಾಮಾನಿಗೆ ವಿಷದ ಪುಡಿ ಬಳೀತಿದ್ರು. ನಾನು ಕೆಲಸಕ್ಕೆ ಸೇರೋಕೂ ಮುಂಚಿನ ಮಾತು. ಅದು ಮರದೊಳಕ್ಕೇ ಇಳಿದುಬಿಟ್ಟಿದೆ. ಎಷ್ಟು ತೊಳೆದ್ರೂ ಹೋಗಲ್ಲ. ನನ್ನ ಕೈ ಉಳೀಲಿ ಅಂತಲೇ ನಾನು ಇದನ್ನ ಹಾಕ್ಕೊಳ್ಳೋದು."

ಅಜ್ಜಿ ಗಾಜಿನ ಮೇಲಿಟ್ಟ ಬೆರಳು ಹಿಂದಕ್ಕೆ ತೆಗೆದುಕೊಂಡರು.

"ತೊಟ್ಟಿಲು ಅಂತ ಗೊತ್ತಿತ್ತು ತಾನೆ ಅವ್ರಿಗೆ?"

"ಗೊತ್ತಿತ್ತು ಅಜ್ಜಿ. ಇನ್ನು ಇದಕ್ಕೆ ಯಾವ ಮಗೂನೂ ಬರಲ್ಲ ಅಂದ್ಕೊಂಡ್ರು."

ಉಳಿಸುತ್ತೇವೆ ಎಂದವರು ನಿಜವಾಗಿಯೂ ಉಳಿಸಿದ್ದರು. ಒಂದು ಚಕ್ಕೆಯೂ ಉದುರಿಲ್ಲ, ಒಂದು ತೂತೂ ಬಿದ್ದಿಲ್ಲ. ಮಗುವೊಂದನ್ನು ಬಿಟ್ಟು ಬೇರೆ ಯಾರು ಬೇಕಾದರೂ ಈ ತೊಟ್ಟಿಲನ್ನು ನೋಡಬಹುದು. ಇದನ್ನು ಎರಡು ನಿಮಿಷದಲ್ಲಿ ಹೇಗೆ ಹೇಳಲಿ ಸ್ವಾಮಿ?

ಮುಕ್ತಾಯ, ಮೊದಲನೆಯದು

ಬಿಸಿಲು ಇನ್ನಷ್ಟು ಓರೆಯಾಗುತ್ತದೆ. ಗಾಜು ನೀರಾಗಿ ತೆಳ್ಳಗಾಗುತ್ತದೆ. ಅಜ್ಜಿಯ ಕೈ ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಕೂಸು ತೊಟ್ಟಿಲಲ್ಲಿ ಮಲಗುತ್ತದೆ, ದೋಣಿಯವರ ಹುಟ್ಟು ಲಾಲಿ ಹಾಡತೊಡಗುತ್ತದೆ, ಕಂಬಳಿ ಬಂದು ಮೆಲ್ಲಗೆ ಹೊದಿಕೆಯಾಗಿ...

"ರೀ ಕಥೆಗಾರರೇ! ನಿಲ್ಸಿ!" ಎಂದು ಕೈಗವಸು ಮೇಡಂ ವಾಕ್ಯದ ನಡುವೆಯೇ ನುಗ್ಗಿದರು.

"ಕನಸು ಮೇಡಂ ಇದು. ಸ್ವಲ್ಪ ಹೊತ್ತು ಸುಮ್ನಿರಿ."

"ನಿಮ್ಮ ಕನಸಲ್ಲಿ ವಿಷ ಇದೆಯಾ, ಇಲ್ವಾ?"

"ಬೇಕಾದ್ರೆ ತೆಗೆದುಹಾಕ್ತೀನಿ. ಒಂದೇ ವಾಕ್ಯ."

"ತೆಗೀಬೇಡಿ. ನಮ್ಮೋರು ಮಾಡಿದ್ದು ಅದು, ಹಾಗೇ ಇರ್ಲಿ. ನಿಮ್ಮ ಕಥೆ ನಂಬ್ಕೊಂಡು ನಾಳೆ ಇನ್ಯಾರೋ ಮಗು ಎತ್ಕೊಂಡು ಬಂದ್ರೆ ಏನ್ಮಾಡ್ತೀರಿ?"

ಲಾಲಿ ಹಾಡುವ ಹುಟ್ಟು ನನಗೆ ಬಹಳ ಇಷ್ಟವಾಗಿತ್ತು. ಆದರೂ ಅಳಿಸಿದೆ.

ಮುಕ್ತಾಯ, ಎರಡನೆಯದು

ಅಳಿಸುತ್ತಿದ್ದಾಗಲೇ ಮೇಡಂಗೆ ಏನೋ ಹೊಳೆಯಿತು. "ಬನ್ನಿ ನನ್ ಜೊತೆ," ಎಂದು ಎಲ್ಲರನ್ನೂ ಹಿಂದಿನ ಕಾರ್ಯಾಗಾರಕ್ಕೆ ನಡೆಸಿಕೊಂಡು ಹೋದರು. ಅಲ್ಲಿ ನಕಲು ಮೇಷ್ಟ್ರು ಇರುತ್ತಾರೆ. ಶಾಲೆಯ ಮಕ್ಕಳು ಕೈಯಿಂದ ಮುಟ್ಟಿ ನೋಡಲಿ ಎಂದು ಹಳೆಯ ವಸ್ತುಗಳ ತದ್ರೂಪು ಮಾಡುವ ಬಡಗಿ. ಅಲ್ಲೊಂದು ತೊಟ್ಟಿಲು ಸಿದ್ಧವಾಗಿ ಕೂತಿತ್ತು. ಹೊಸ ಮರ, ವಿಷವಿಲ್ಲ.

"ಒಂದು ಗೀರೂ ಬಿಟ್ಟಿಲ್ಲ, ನೋಡಿ," ಎಂದು ಮೇಷ್ಟ್ರು ಬೀಗಿದರು. ತದ್ರೂಪೆಂದರೆ ಸವೆದದ್ದು, ಬಿರುಕು ಬಿಟ್ಟದ್ದು, ಎಲ್ಲವೂ ಇರಬೇಕೆಂಬುದು ಅವರ ಕಸುಬಿನ ನಿಯಮ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಅಂಚಿನ ಒಂದೊಂದು ಹಲ್ಲಿನ ಗುರುತನ್ನೂ ಅಳೆದು, ಸಣ್ಣ ಉಳಿಯಿಂದ ಕೊರೆದಿದ್ದರು.

ಅಜ್ಜಿ ಅಂಚಿನ ಮೇಲೆ ಬೆರಳಾಡಿಸಿದರು. ತಮ್ಮಮ್ಮನ ಗುರುತು, ತಮ್ಮ ಗುರುತು. ಮಗಳ ಗುರುತಿನ ಮೇಲೆ ಬೆರಳು ನಿಂತಿತು. ಆಹಾ, ಮುಗಿಯಿತು ಕಥೆ ಅಂದುಕೊಂಡೆ. ಕಣ್ಣೀರಿನ ವಾಕ್ಯಕ್ಕೆ ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದೆ.

"ಇದನ್ನ ಕಚ್ಚಿದ್ದು ಯಾರಪ್ಪಾ?" ಎಂದರು ಅಜ್ಜಿ.

"ನಾನೇ ಅಜ್ಜಿ, ಈ ಉಳಿಯಿಂದ."

"ಯಾಕೋ, ನಿನಗೂ ಹಲ್ಲು ಬರ್ತಿತ್ತಾ?"

ಮೊಮ್ಮಗಳು ಕಿಸಕ್ಕನೆ ನಕ್ಕಳು. ಮೇಷ್ಟ್ರ ಮುಖ ಸಪ್ಪಗಾಯಿತು. ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಬೇಜಾರು ಮಾಡ್ಕೋಬೇಡ ಕಣಪ್ಪ, ಕೆಲ್ಸ ಚೆನ್ನಾಗೇ ಇದೆ," ಎಂದು ಅಜ್ಜಿ ಅವರ ತೋಳು ತಟ್ಟಿದರು. "ನನ್ನ ಮಗಳು ಕಚ್ಚಿದ್ದು ಅಲ್ಲಿ ಗಾಜಿನೊಳಗಿದೆ. ಅಲ್ಲೇ ಇರ್ಲಿ, ನೋಡೋರು ನೋಡ್ಲಿ. ಇಲ್ಲಿರೋದನ್ನೆಲ್ಲ ಕೆರೆದು ತೆಗ್ದುಬಿಡು."

"ಗುರುತು ತೆಗೆದ್ರೆ ಅದು ನಕಲೇ ಅಲ್ಲ ಅಜ್ಜಿ!"

"ನಕಲು ಯಾರಿಗೆ ಬೇಕಾಗಿದೆ? ತೊಟ್ಟಿಲು ಮಾಡು."

ಮೇಷ್ಟ್ರು ಮೇಡಂ ಮುಖ ನೋಡಿದರು. ಮೇಡಂ ನನ್ನ ಮುಖ ನೋಡಿದರು. ನಾನೇನು ಮಾಡಲಿ, ನನ್ನ ಮಾತು ಈ ಕಥೆಯಲ್ಲಿ ಯಾರು ಕೇಳುತ್ತಾರೆ? ಕೊನೆಗೆ ಮೇಷ್ಟ್ರು ಕೀಸುಳಿ ಎತ್ತಿಕೊಂಡು ಅಂಚಿನ ಮೇಲೆ ಉದ್ದಕ್ಕೆ ಎಳೆದರು. ಸುಳ್ಳು ಹಲ್ಲುಗಳೆಲ್ಲ ತೆಳ್ಳನೆಯ ಸುರುಳಿಗಳಾಗಿ ಕಾಲ ಬಳಿ ಬಿದ್ದವು. ಹಸಿ ಮರದ ಪರಿಮಳ ಕೋಣೆ ತುಂಬಿತು. ಕೀಸುವ ಸದ್ದಿಗೆ ಕೂಸಿನ ಕಣ್ಣು ಎಳೆಯತೊಡಗಿತು, ನನ್ನದೂ.

ಅಂಚು ನುಣುಪಾದ ಮೇಲೆ ಅಜ್ಜಿ ಮೊಮ್ಮಗಳ ಕಡೆ ತಿರುಗಿದರು.

"ನಿಂದು ಬಾಕಿ ಇದೆ ಕಣೇ."

"ನಂದಾ? ಏನು?"

"ನಿನ್ನ ಮಲಗಿಸೋಕೆ ಆಗ್ಲಿಲ್ಲ ನನ್ ಕೈಲಿ. ಅಮ್ಮ ಇಲ್ದಿರೋ ಕೂಸು, ಹಾಸಿಗೆ ಮೇಲೇ ಬೆಳೆದೆ. ಬಾ, ನಿಂದಾದ್ಮೇಲೆ ಮಗೂದು."

"ಅಯ್ಯೋ ಅಜ್ಜಿ, ಎಲ್ಲರೂ ನೋಡ್ತಿದಾರೆ!"

"ನೋಡ್ಲಿ. ಮ್ಯೂಸಿಯಂ ಇರೋದೇ ನೋಡೋಕೆ."

ಮೊಮ್ಮಗಳು ಕೂಸನ್ನು ಅಜ್ಜಿಯ ಕೈಗೆ ಕೊಟ್ಟಳು. ಮಂಡಿಯೂರಿದಳು. ಒಮ್ಮೆ ನಮ್ಮನ್ನೆಲ್ಲ ನೋಡಿ ನಾಚಿಕೊಂಡು, ಕಣ್ಣು ಮುಚ್ಚಿ, ತೊಟ್ಟಿಲಿನ ಅಂಚನ್ನು ಗಟ್ಟಿಯಾಗಿ ಕಚ್ಚಿದಳು. ಏಳುವಾಗ ಅವಳ ಕೆನ್ನೆ ಒದ್ದೆಯಾಗಿತ್ತು. ಕೈಗವಸು ಮೇಡಂ ಕೈಗವಸು ಬಿಚ್ಚಿ, ಬರಿಗೈಯಿಂದ ಆ ಗುರುತನ್ನು ಮುಟ್ಟಿ ನೋಡಿದರು.

ಮುಕ್ತಾಯ, ಮೂರನೆಯದು (ಇದನ್ನು ನಾನು ಬರೆಯಲಾರೆ, ಕೂಸೇ ಬರೆಯಬೇಕು)

ಈಗ ಆ ತೊಟ್ಟಿಲು ಈ ಗಾಜಿನ ಪೆಟ್ಟಿಗೆಯ ಪಕ್ಕದಲ್ಲೇ ಇದೆ. ಅಜ್ಜಿ ಅದನ್ನು ಮನೆಗೆ ಒಯ್ಯುತ್ತೇನೆಂದು ಹಟ ಹಿಡಿದಂತೆಯೂ ಒಂದು ಸಲ ಬರೆದು ನೋಡಿದೆ. ಅಜ್ಜಿಯೇ ಒಪ್ಪಲಿಲ್ಲ. "ಇಲ್ಲೇ ಇರ್ಲಿ ಬಿಡು, ನನ್ನ ಮಗಳ ಪಕ್ಕ," ಎಂದರು. ಶಾಲೆಯ ಮಕ್ಕಳು ಬಂದು ಅದನ್ನು ತೂಗುತ್ತಾರೆ. ಅವರು ಹೋದ ಮೇಲೆ ಮೇಡಂ ಅಂಚನ್ನು ಒರೆಸಿಡುತ್ತಾರೆ. ಮಧ್ಯಾಹ್ನದ ಬಿಸಿಲು ಓರೆಯಾಗುವ ಹೊತ್ತಿಗೆ ಅಜ್ಜಿ, ಮೊಮ್ಮಗಳು, ಕೂಸು ಬರುತ್ತಾರೆ. ಕೂಸು ಅಂಚಿಗೆ ಬಾಯಿ ಹಾಕಿ ಜಗಿಯುತ್ತದೆ. ಜೊಲ್ಲು ಸುರಿಯುತ್ತದೆ. ಅಷ್ಟೇ.

ನಿರ್ದೇಶಕರು ಫೋನು ಮಾಡಿದ್ದರು.

"ಏನ್ರೀ, ಕಥೆ ಎಲ್ಲೀವರ್ಗೂ ಬಂತು?"

"ವಸಡಿನವರ್ಗೂ ಬಂದಿದೆ ಸಾರ್."

ಫೋನು ಇಟ್ಟುಬಿಟ್ಟರು. ಹಿಂದಿನ ಕ್ಯೂ ಬಾಗಿಲವರೆಗೂ ಬೆಳೆದಿರಬೇಕು, ನನಗೆ ಗೊತ್ತು. ಇಯರ್‌ಫೋನು ವಾಪಸು ಕೊಡುವ ಮೊದಲು ಪಕ್ಕದ ತೊಟ್ಟಿಲಿನ ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿ. ಒಂದು ಗುರುತು ಕೈಗೆ ಸಿಗುತ್ತದೆ. ಅದು ದೊಡ್ಡವರದು. ಅದರ ಪಕ್ಕದಲ್ಲಿ ಇನ್ನೊಂದು, ತೀರ ಸಣ್ಣದು, ಸಿಕ್ಕಿತಾ? ಸಿಕ್ಕಿದ್ದರೆ ನನಗೂ ಒಂದು ಮಾತು ಹೇಳಿ ಹೋಗಿ.